ಅಂಕೋರ್ ವಾಟ್‌ಗೆ ಹೊರಟವರಿಗೆ

ದೀಪಾವಳಿ ರಜೆಗೆ ಕಾಂಬೋಡಿಯಾ ಅಂತ ಮೊನ್ನೆ ಮಾಟುಂಗಾದಲ್ಲಿ ಇಬ್ಬರು ಕೇಳಿದರು. ಹೋಗಿ ಬಂದವಳಾಗಿ ಹೇಳುತ್ತೇನೆ.

ಅಂಕೋರ್ ವಾಟ್ ದೇವಸ್ಥಾನ ನೋಡುವ ಪಾಸನ್ನು ಸಂಜೆ 5ರ ಮೇಲೆ ತೆಗೆದುಕೊಳ್ಳಿ. ಅದು ಮರುದಿನದ ಲೆಕ್ಕ, ಆದರೂ ಅವತ್ತಿನ ಸೂರ್ಯಾಸ್ತಕ್ಕೆ ಒಳಗೆ ಬಿಡುತ್ತಾರೆ. ನಾವು ಕೊಂಡಾಗ 1 ದಿನಕ್ಕೆ 37 ಡಾಲರ್, 3 ದಿನಕ್ಕೆ 62. ಮೂರು ದಿನದ್ದೇ ವಾಸಿ. 10 ದಿನದೊಳಗೆ ಯಾವಾಗ ಬೇಕಾದರೂ ಬಳಸಬಹುದು.

ಸೂರ್ಯೋದಯಕ್ಕೆ ಎಲ್ಲರೂ ಕೊಳದ ಹತ್ತಿರ ಫೋಟೋ ತೆಗೆದು ತಿಂಡಿಗೆ ಓಡುತ್ತಾರೆ. ನೀವು ಹೋಗಬೇಡಿ! ಸೀದಾ ಪೂರ್ವದ ಗೋಡೆಗೆ ಹೋಗಿ. ಅಲ್ಲಿ ಸುಮಾರು 49 ಮೀಟರ್ ಉದ್ದದ ಸಮುದ್ರಮಥನದ ಕೆತ್ತನೆ. ಯಕ್ಷಗಾನ ನೋಡಿ ಬೆಳೆದವರಿಗೆ ಗೈಡ್ ಯಾಕೆ, ಅಲ್ವಾ? ನಡುವೆ ವಿಷ್ಣು, ಕೆಳಗೆ ಕೂರ್ಮ. ಕಡೆಯುವ ರಭಸಕ್ಕೆ ಮೀನುಗಳು ಎರಡು ತುಂಡಾಗಿವೆ, ಬಗ್ಗಿ ನೋಡಿ.

ಭುಜ, ಮಂಡಿ ಮುಚ್ಚುವ ಬಟ್ಟೆ ಕಡ್ಡಾಯ. ತೋಳಿಲ್ಲದ ಕುರ್ತಾ ಮೇಲೆ ದುಪಟ್ಟಾ ಹೊದ್ದಿದ್ದ ನನ್ನ ನಾದಿನಿಯನ್ನು ಮೇಲಿನ ಗೋಪುರಕ್ಕೆ ಬಿಡಲೇ ಇಲ್ಲ. ಪಾಪ, ಕೆಳಗೇ ಕೂತಿದ್ದಳು. ಬೌದ್ಧರ ಹಬ್ಬದ ದಿನಗಳಲ್ಲಿ ಆ ಗೋಪುರ ಮುಚ್ಚಿರುತ್ತದೆ, ತಾರೀಖು ನೋಡಿಕೊಂಡು ಹೊರಡಿ. ಚಟ್ನಿಪುಡಿ ಡಬ್ಬಿ ಮರೆಯಬೇಡಿ.