ಹೊಸಬರಿಗೆ ಮಾರ್ಗದರ್ಶಿ: ಬೀದರ್‌ನಲ್ಲಿ ಮಕ್ಕಳ ಇತಿಹಾಸ ಪ್ರಾಜೆಕ್ಟ್

ವರ್ಗವಾಗಿ ಬೀದರ್‌ಗೆ ಬಂದವರು ನಮ್ಮ ಸಂಘಕ್ಕೆ ಬಂದು ಕೇಳುವುದುಂಟು: ಶಾಲೆಯಲ್ಲಿ ಇತಿಹಾಸ ಸಂಶೋಧನೆ ಸ್ಪರ್ಧೆ ಇಟ್ಟಿದ್ದಾರೆ, ನಮಗೆ ಊರೇ ಗೊತ್ತಿಲ್ಲ, ಏನು ಮಾಡೋದು? ಗೊತ್ತಿಲ್ಲದಿರುವುದೇ ಅನುಕೂಲ. ಇಲ್ಲೇ ಬೆಳೆದ ಮಕ್ಕಳಿಗೆ ಹೊಳೆಯದ ಪ್ರಶ್ನೆ ನಿಮ್ಮ ಮಗುವಿಗೆ ಹೊಳೆಯುತ್ತದೆ.

ಸೆಪ್ಟೆಂಬರ್ 17ಕ್ಕೆ ಇಲ್ಲಿ ಯಾಕೆ ಬಾವುಟ ಹಾರಿಸುತ್ತಾರೆ? ಮೈಸೂರು ಕಡೆಯವರಿಗೆ ಇದು ಹೊಸದು, ಅಲ್ವಾ? 1947ರ ಆಗಸ್ಟ್ 15ರಂದು ಬೀದರ್ ಇನ್ನೂ ನಿಜಾಮನ ಕೈಯಲ್ಲಿತ್ತು. ಅವನ ಹೈದರಾಬಾದ್ ಸಂಸ್ಥಾನ ಭಾರತದ ವಶಕ್ಕೆ ಬಂದದ್ದು 1948ರ ಸೆಪ್ಟೆಂಬರ್ 17ರಂದು; ಇದನ್ನೇ ಇಲ್ಲಿ ವಿಮೋಚನೆ ಅನ್ನುತ್ತಾರೆ. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ನಿಮ್ಮ ಓಣಿಯಲ್ಲೇ ಅಂಥ ಅಜ್ಜಿ ಸಿಗಬಹುದು, ತಡ ಮಾಡಬೇಡಿ. 'ವಿಮೋಚನೆ ಬಗ್ಗೆ ಹೇಳಿ' ಅಂದರೆ ಅವರು ಭಾಷಣದ ಮಾತು ಹೇಳುತ್ತಾರೆ. "ಆಯಿ, ಆವಾಗ ನೀವು ಯಾವ ಊರಾಗ ಇದ್ರಿ? ಮನ್ಯಾಗ ಯಾರ್ಯಾರು ಇದ್ರು?" ಅಂತ ಶುರು ಮಾಡಲಿ. ಕೆಲವು ಮನೆಗಳಿಗೆ ಅದು ಸಾವುನೋವಿನ ವರ್ಷ. ಬೇಡ ಅಂದರೆ ಅಲ್ಲಿಗೇ ಬಿಡಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುವ ಮುಂಚೆ ಕೇಳಿ.

ನನ್ನ ಮಗಳು ಮೊದಲ ಸಲ ಮಹಮೂದ್ ಗವಾನ್ ಮದರಸಾದ (ಬಹಮನಿ ಮಂತ್ರಿ ಕಟ್ಟಿಸಿದ ಹಳೇ ವಿದ್ಯಾಲಯ) ಮೇಲೆ ಚಾರ್ಟ್ ಮಾಡಿದ್ದಳು. 1472, ಎರಡು ಮಿನಾರು, ಎಲ್ಲ ನೆಟ್‌ನಿಂದ ಇಳಿಸಿದ್ದು. ತೀರ್ಪುಗಾರರು ಕೇಳಿದ್ದು ಒಂದೇ: "ಈಗ ಎಷ್ಟು ಮಿನಾರು ನಿಂತಿವೆಮ್ಮಾ?" ಒಂದೇ ನಿಂತಿದೆ. ದಿನಾ ಆಟೋದಲ್ಲಿ ಅದರ ಮುಂದೆಯೇ ಹೋಗುವವಳು, ಒಮ್ಮೆಯೂ ತಲೆ ಎತ್ತಿರಲಿಲ್ಲ!

ಮುಂದಿನ ವರ್ಷ ಬಿದ್ರಿ ಕೆಲಸದವರ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವವರು) ಹತ್ತಿರ ಕೂರಿಸಿದೆವು. ಸತು ಮತ್ತು ತಾಮ್ರದ ಎರಕ ಕಪ್ಪಾಗಲು ಕೋಟೆಯ ಹಳೇ ಮಣ್ಣು ಬೇಕು. ಕೆಲಸ ಮಾಡುತ್ತಿದ್ದ ಚಾಚಾ ಒಂದು ಚಿಟಿಕೆ ಮಣ್ಣು ನಾಲಿಗೆಗೆ ಇಟ್ಟು ರುಚಿ ನೋಡಿ, "ಇದು ನಡೀತದ" ಅಂದರು. ಅವಳ ಪ್ರಾಜೆಕ್ಟ್ ಶುರುವಾದದ್ದು ಆ ಚಿಟಿಕೆಯಿಂದ.

ಯಾರು, ಯಾವತ್ತು, ಎಲ್ಲಿ ಹೇಳಿದರು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಅಮೆರಿಕದಲ್ಲಿ 1974ರಲ್ಲಿ ಶುರುವಾದ ನ್ಯಾಷನಲ್ ಹಿಸ್ಟರಿ ಡೇಯಲ್ಲಿ 6ರಿಂದ 12ನೇ ತರಗತಿಯ ಮಕ್ಕಳು ಪ್ರಬಂಧ, ನಾಟಕ, ಸಾಕ್ಷ್ಯಚಿತ್ರ ಏನು ಬೇಕಾದರೂ ಮಾಡಬಹುದು, ಆದರೆ ಆಧಾರದ ಪಟ್ಟಿ ಕೊಡಲೇಬೇಕು. ಇಲ್ಲಿ ಅಷ್ಟು ಕೇಳದಿದ್ದರೂ ಈ ಅಭ್ಯಾಸ ಇರಲಿ.

ನಿಜಾಮರ ಕಾಲದ ಕಾಗದ ಜಾಸ್ತಿ ಉರ್ದುವಿನಲ್ಲೇ ಇರುತ್ತದೆ. ಸಂಘಕ್ಕೆ ತನ್ನಿ, ಓದಿ ಹೇಳುವ ಹಿರಿಯರು ಇದ್ದಾರೆ. ಮೂಲ ಪತ್ರ ಬೇಡ, ಜೆರಾಕ್ಸ್ ಸಾಕು.