ವರ್ಣತಂತುವಿನಿಂದ ಕ್ರೋಮೋಸೋಮ್‌ಗೆ

ಹತ್ತನೇ ತರಗತಿವರೆಗೂ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪಿಯುಸಿಗೆ ಸೇರಿದ ಮೊದಲ ತಿಂಗಳು, ಜೀವಶಾಸ್ತ್ರದ ಪಾಠವನ್ನು ಎದ್ದು ನಿಂತು ಓದಲು ಹೇಳಿದರು. ಇಂಗ್ಲಿಷ್‌ನ ‘ಸಿಎಚ್’ ನೋಡಿ ನಾನು ‘ಚ್ರೋಮೋಸೋಮ್’ ಎಂದೆ. ತರಗತಿಯೆಲ್ಲ ನಕ್ಕಿತು. ಮೇಷ್ಟ್ರು ‘ಕ್ರೋಮೋಸೋಮ್’ ಎಂದು ತಿದ್ದಿ ಮುಂದೆ ಹೋದರು. ಯಾಕೆ ಹಾಗೆ ಅಂತ ಹೇಳಲಿಲ್ಲ. ಆಮೇಲೆ ಎಷ್ಟೋ ದಿನ ನಾನು ಬಾಯಿ ಬಿಡಲಿಲ್ಲ.

ಉತ್ತರ ಸಿಕ್ಕಿದ್ದು ಬಿಎಸ್ಸಿಯಲ್ಲಿ, ಲೈಬ್ರರಿಯ ದಪ್ಪ ನಿಘಂಟೊಂದರಲ್ಲಿ. ಹಳೆಯ ಗ್ರೀಕರ ಭಾಷೆಯಲ್ಲಿ ನಮ್ಮ ಖ, ಥ, ಫ ತರಹದ ಮಹಾಪ್ರಾಣಗಳಿದ್ದವು. ರೋಮನ್ನರ ಲಿಪಿಯಲ್ಲಿ ಅವಕ್ಕೆ ಅಕ್ಷರ ಇರಲಿಲ್ಲ. ಅದಕ್ಕೇ ಕ ಎನ್ನುವ ‘ಸಿ’ ಪಕ್ಕ ‘ಎಚ್’ ಸೇರಿಸಿ ಖ ಬರೆದರು. ‘ಪಿ’ಗೆ ‘ಎಚ್’ ಸೇರಿಸಿ ಫ, ‘ಟಿ’ಗೆ ಸೇರಿಸಿ ಥ. ನಾವು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಮಹಾಪ್ರಾಣಕ್ಕೆ ‘ಎಚ್’ ಹಾಕುತ್ತೇವಲ್ಲ, ಹಾಗೇ. ಇಂಗ್ಲಿಷ್‌ನಲ್ಲಿ ಆ ಖ ಬರೀ ಕ ಆಯಿತು, ಸ್ಪೆಲಿಂಗ್ ಮಾತ್ರ ಉಳಿಯಿತು. ಎಕೋ, ಟ್ರೇಕಿಯಾ, ಕ್ಲೋರಿನ್ ಎಲ್ಲದರಲ್ಲೂ ಇದೇ ಕಥೆ.

ಖ್ರೋಮ ಅಂದರೆ ಬಣ್ಣ, ಸೋಮ ಅಂದರೆ ದೇಹ. ಅದನ್ನು ಓದಿದಾಗ ಮೈ ಜುಮ್ಮೆಂದಿತು. ಜೀವಕೋಶದೊಳಗಿನ ಆ ಎಳೆಗೆ ಹೈಸ್ಕೂಲಿನಲ್ಲಿ ನಾನು ಕಲಿತ ಕನ್ನಡದ ಹೆಸರು ‘ವರ್ಣತಂತು’. ಅದರಲ್ಲಿ ಆ ಬಣ್ಣ ಮೊದಲೇ ಇತ್ತು! ನನಗೆ ಗೊತ್ತಿದ್ದ ಪದವನ್ನೇ ನಾನು ಬಿಡಿಸಿ ನೋಡಿರಲಿಲ್ಲ.

ಈಗ ನಾನೇ ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪದವನ್ನು ಮೊದಲು ಹೇಳುವುದಿಲ್ಲ, ಮೊದಲು ಈರುಳ್ಳಿ. ನೀರಿನ ಮೇಲಿಟ್ಟ ಈರುಳ್ಳಿ ಕೆಲವು ದಿನದಲ್ಲಿ ಬೇರು ಬಿಡುತ್ತದೆ. ಬೇರಿನ ತುದಿ ಕತ್ತರಿಸಿ, ಆಮ್ಲದಲ್ಲಿ ಮೆದು ಮಾಡಿ, ಅಸಿಟೋಕಾರ್ಮೈನ್ ಎಂಬ ಕೆಂಪು ಬಣ್ಣ ಹಾಕಿ, ಗಾಜಿನ ಕೆಳಗೆ ಒತ್ತುತ್ತೇವೆ. ಬಣ್ಣ ಹಾಕದ ಸ್ಲೈಡ್‌ನಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ. ಬಣ್ಣ ಹಾಕಿದ್ದರಲ್ಲಿ ಕೆಂಪು ಎಳೆಗಳು ಎದ್ದು ಕಾಣುತ್ತವೆ. ಈರುಳ್ಳಿಯ ಒಂದೊಂದು ಜೀವಕೋಶದಲ್ಲಿ ಅವು 16. ಎಳೆಗಳಿಗೆ ಸ್ವಂತ ಬಣ್ಣವಿಲ್ಲ, ಬಣ್ಣ ಹೀರುತ್ತವೆ ಅಷ್ಟೇ. ಅದಕ್ಕೇ 1888ರಲ್ಲಿ ಜರ್ಮನಿಯ ವಿಜ್ಞಾನಿ ವಾಲ್ಡೇಯರ್ ಅವಕ್ಕೆ ಕ್ರೋಮೋಸೋಮ್ ಎಂಬ ಹೆಸರು ಕೊಟ್ಟಿದ್ದು. ಇಷ್ಟಾದ ಮೇಲೆ ಬೋರ್ಡಿನ ಮೇಲೆ ಪದ ಬರೆದರೆ ಯಾರೂ ‘ಚ್ರೋ’ ಅನ್ನುವುದಿಲ್ಲ.

ಆಮೇಲೆ ‘ಕ್ರೋಮ’ ಇರುವ ಉಳಿದ ಪದಗಳು ತಾವಾಗಿ ಬರುತ್ತವೆ. ಕ್ರೋಮಿಯಂ ಎಂಬ ಲೋಹದ ಲವಣಗಳು ಹಳದಿ, ಕಿತ್ತಳೆ, ಹಸಿರು. ಮಾಣಿಕ್ಯದ ಕೆಂಪೂ ಅದರದೇ. ಅದರ ಅದಿರು ನಮ್ಮ ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಕಡೆ ಇದೆ ಅಂದಾಗ ಮಕ್ಕಳ ಕಣ್ಣು ಅರಳುತ್ತದೆ. ಸೂರ್ಯನ ಹೊರಪದರಗಳಲ್ಲೊಂದಾದ ಕ್ರೋಮೋಸ್ಫಿಯರ್ ಕನ್ನಡದಲ್ಲಿ ವರ್ಣಗೋಳ. ಎಲೆಯ ಬಣ್ಣಗಳನ್ನು ಬೇರ್ಪಡಿಸಿ ತೋರಿಸಿದ ರಷ್ಯಾದ ವಿಜ್ಞಾನಿ ಸ್ವೆಟ್ ತನ್ನ ವಿಧಾನಕ್ಕೆ ಕ್ರೋಮಟಾಗ್ರಫಿ ಎಂದು ಹೆಸರಿಟ್ಟ. ರಷ್ಯನ್‌ನಲ್ಲಿ ಅವನ ಹೆಸರಿನ ಅರ್ಥವೂ ಬಣ್ಣವೇ. ಈ ಪದದಲ್ಲಿ ಒತ್ತು ‘ಟಾ’ ಮೇಲೆ ಬೀಳಬೇಕು. ಫೋಟೋಗ್ರಾಫ್ ಹೋಗಿ ಫೊಟಾಗ್ರಫಿ ಆಗುತ್ತದಲ್ಲ, ಹಾಗೆ.

ಒಂದು ಕಡೆ ಮಾತ್ರ ಜಾಸ್ತಿ ಎಡವುತ್ತಾರೆ. ‘ಕ್ರೋನೋ’ ಬೇರೆ, ಅದು ಕಾಲ. ಕ್ರಾನಿಕ್, ಕ್ರೋನೋಮೀಟರ್ ಅದರ ಮಕ್ಕಳು. ಮ ಇದ್ದರೆ ಬಣ್ಣ, ನ ಇದ್ದರೆ ಕಾಲ ಅಂತ ಹೇಳಿಕೊಡುತ್ತೇನೆ.

ಹೋದ ವರ್ಷ ಕ್ಲೋರೋಫಿಲ್ ಪದ ಬರೆದು ಸುಮ್ನೆ ನಿಂತೆ. ಖ್ಲೋರೋಸ್ ಹಸಿರು, ಫುಲ್ಲೋನ್ ಎಲೆ ಎಂದಷ್ಟೇ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು: “ಮೇಡಂ, ಪತ್ರಹರಿತ್ತು ಅಲ್ವಾ? ಪತ್ರ ಅಂದ್ರೆ ಎಲೆ, ಹರಿತ್ತು ಅಂದ್ರೆ ಹಸಿರು!”