ಓಮನ್‌ಗೆ ಹೋಗುತ್ತೀರಾ? ಮೊದಲು ಟೈರಿನ ಗಾಳಿ ಬಿಡಲು ಕಲಿಯಿರಿ

ಅಲ್ ವಾಸಿಲ್ ಊರು ದಾಟಿ ಡಾಂಬರು ಮುಗಿಯುತ್ತಿದ್ದಂತೆ ಓಮನ್‌ನ ವಹೀಬಾ ಮರಳುಗಾಡು ಶುರು. ಕಳೆದ ಸಲ ಹೋದಾಗ ಅಲ್ಲೊಂದು ಬಾಡಿಗೆ ಕಾರು ಹೊಟ್ಟೆಯವರೆಗೂ ಹೂತು ಕೂತಿತ್ತು. ಯಜಮಾನರು ಆಕ್ಸಿಲರೇಟರ್ ಒತ್ತುತ್ತಲೇ ಇದ್ದರು, ಹಿಂದಿನಿಂದ ತಳ್ಳುತ್ತಿದ್ದ ಮಗನ ಬಾಯಿ ತುಂಬ ಮರಳು. ಹೆಂಡತಿ ಅಚ್ಚ ಬೆಂಗಳೂರು ಕನ್ನಡದಲ್ಲಿ, ‘ಸಾಕು ರೀ, ಇಳೀರಿ ಕೆಳಗೆ’ ಅನ್ನುತ್ತಿದ್ದರು. ಹೆಂಡತಿ ಹೇಳಿದ್ದೇ ಸರಿ. ಈ ಲೇಖನ ಬರೆಯುತ್ತಿರುವುದೂ ಅದಕ್ಕೇ.

ಹಂತ 1: ತಿಂಗಳು. ನವೆಂಬರ್‌ನಿಂದ ಫೆಬ್ರವರಿ, ಅಷ್ಟೇ. ಮಕ್ಕಳ ಬೇಸಿಗೆ ರಜೆಗೆ ಟಿಕೆಟ್ ಅಗ್ಗ ಎಂದು ಮೇ ತಿಂಗಳಲ್ಲಿ ಹೋಗುವವರು ಹೋಟೆಲಿನ ಏಸಿ ನೋಡಿಕೊಂಡು ಬರುತ್ತಾರೆ. 2018ರ ಜೂನ್‌ನಲ್ಲಿ ಮಸ್ಕತ್ ಬಳಿಯ ಕುರಿಯಾತ್‌ನಲ್ಲಿ ಇಡೀ ದಿನ, ರಾತ್ರಿಯೂ ಸೇರಿ, ಉಷ್ಣಾಂಶ 42.6 ಡಿಗ್ರಿಗಿಂತ ಕೆಳಗಿಳಿಯಲೇ ಇಲ್ಲ. ಇದಕ್ಕೆ ಹೊರತಾದ ಊರೆಂದರೆ ಸಲಾಲಾ. ನಮ್ಮ ಕರಾವಳಿಗೆ ಮಳೆ ತರುವ ನೈಋತ್ಯ ಮಾರುತವೇ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿನ ಗುಡ್ಡಗಳಿಗೂ ತಗಲಿ ಮಂಜು, ಜಡಿ, ಹಸಿರು. ಅದನ್ನು ‘ಖರೀಫ್’ ಅನ್ನುತ್ತಾರೆ. ಆದರೆ ‘ಮಸ್ಕತ್‌ನಿಂದ ಹಾಗೇ ಸಲಾಲಾ ನೋಡಿ ಬರೋಣ’ ಅನ್ನಬೇಡಿ. ಮಧ್ಯೆ ಸುಮಾರು 1,000 ಕಿ.ಮೀ. ಬಟ್ಟಬಯಲಿದೆ. ಅದಕ್ಕೆ ಬೇರೆಯದೇ ಪ್ರವಾಸ ಮಾಡಿ.

ಹಂತ 2: ವೀಸಾ. ರಾಯಲ್ ಓಮನ್ ಪೊಲೀಸರ ಜಾಲತಾಣದಲ್ಲೇ ಅರ್ಜಿ ಹಾಕಿ. ಗೂಗಲ್‌ನಲ್ಲಿ ಮೊದಲು ಕಾಣುವ ಜಾಹೀರಾತುಗಳು ಕಮಿಷನ್ ಏಜೆಂಟರವು.

ಹಂತ 3: ಪೆಟ್ಟಿಗೆ. ಮೊಣಕಾಲು ಮುಚ್ಚುವ ಬಟ್ಟೆ, ವೈದ್ಯರ ಚೀಟಿಯೊಂದಿಗೆ ಮಾತ್ರೆ. ಗಸಗಸೆ ಮಾತ್ರ ಬೇಡವೇ ಬೇಡ. ಗಲ್ಫ್‌ನ ಹಲವು ದೇಶಗಳಲ್ಲಿ ಅದು ಮಾದಕವಸ್ತುವಿನ ಲೆಕ್ಕ. ಅತ್ತೆ ಕಟ್ಟಿಕೊಟ್ಟ ಮಸಾಲೆ ಪುಡಿಯಲ್ಲಿ ಅದಿದೆಯೋ ಎಂದು ಕೇಳಿಕೊಂಡೇ ಹೊರಡಿ.

ಹಂತ 4: ದುಡ್ಡು. ಒಂದು ರಿಯಾಲ್‌ಗೆ 1,000 ಬೈಸಾ, ನೂರಲ್ಲ. ‘ಬೈಸಾ’ ಅಂದರೆ ನಮ್ಮ ಪೈಸೆಯೇ. ರಿಸರ್ವ್ ಬ್ಯಾಂಕ್ ಅಚ್ಚು ಹಾಕಿದ ಗಲ್ಫ್ ರೂಪಾಯಿ ಓಮನ್‌ನಲ್ಲಿ 1970ರವರೆಗೂ ಓಡುತ್ತಿತ್ತು. ಒಂದು ರಿಯಾಲ್ ಎಂದರೆ 2.6 ಡಾಲರ್. ‘ಎರಡೇ ರಿಯಾಲ್ ತಾನೇ’ ಎಂದು ಮಸ್ಕತ್‌ನ ಹಳೆಯ ಪೇಟೆ ಮತ್ರಾ ಸೂಕ್‌ನಲ್ಲಿ ಕೈ ಬಿಚ್ಚಿದವರು ರೂಮಿಗೆ ಬಂದು ಲೆಕ್ಕ ಹಾಕಿ ಸುಮ್ಮನಾಗುತ್ತಾರೆ.

ಹಂತ 5: ಕಾರು. ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಳ್ಳಿ. ಅಲ್ಲಿ ಓಡಿಸುವುದು ಬಲಗಡೆ. ಫೋರ್ ವೀಲ್ ಡ್ರೈವ್ ಗಾಡಿಯನ್ನೇ ತೆಗೆದುಕೊಳ್ಳಿ. ಅದಿಲ್ಲದೆ ಜಬಲ್ ಅಖ್ದರ್ ಬೆಟ್ಟದ ಬುಡದ ಪೊಲೀಸ್ ಚೌಕಿ ದಾಟಲು ಬಿಡುವುದಿಲ್ಲ. ಮರಳಲ್ಲಿ ಆದ ಹಾನಿಯನ್ನು ವಿಮೆ ಭರಿಸುತ್ತದೆಯೇ ಎಂದು ಸಹಿ ಹಾಕುವ ಮುನ್ನವೇ ಕೇಳಿ. ಬಹಳಷ್ಟು ಕಡೆ ಭರಿಸುವುದಿಲ್ಲ.

ಹಂತ 6: ಮರಳು. ಇಲ್ಲಿ ಅವಸರ ಬೇಡ. ಮಸ್ಕತ್‌ನಿಂದ ಮರಳುಗಾಡಿನ ಅಂಚಿನ ಊರು ಬಿದಿಯಾಗೆ ಸುಮಾರು ಎರಡೂವರೆ ಗಂಟೆ ದಾರಿ. ಡಾಂಬರು ಮುಗಿಯುವಲ್ಲಿ ಗಾಡಿ ನಿಲ್ಲಿಸಿ ನಾಲ್ಕೂ ಟೈರಿನ ಗಾಳಿ ಬಿಡಿ. ರಸ್ತೆಯಲ್ಲಿ 35 ಪಿಎಸ್‌ಐ (ಟೈರಿನ ಗಾಳಿಯ ಒತ್ತಡದ ಅಳತೆ) ಇರುವುದು 18ಕ್ಕೆ ಬರಬೇಕು. ಮೆತ್ತಗಾದ ಟೈರು ಒಂಟೆಯ ಪಾದದ ಹಾಗೆ ಅಗಲವಾಗಿ ಊರುತ್ತದೆ, ಭಾರ ಹಂಚಿಹೋಗುತ್ತದೆ. ಬಿಗಿಯಾದ ಟೈರು ಸನಿಕೆಯ ಹಾಗೆ ಅಗೆಯುತ್ತದೆ. 12ಕ್ಕಿಂತ ಕೆಳಗೆ ಬೇಡ, ತಿರುಗಿಸುವಾಗ ಟೈರು ರಿಮ್ಮಿನಿಂದ ಕಳಚಬಹುದು. ಕಣ್ಣಂದಾಜು ನಂಬಬೇಡಿ. ಡಯಲ್ ಇರುವ ಒಳ್ಳೆಯ ಗೇಜ್ ಕೊಳ್ಳಿ, ಪೆನ್ನಿನಾಕಾರದ ಅಗ್ಗದವು ಒಂದೊಂದು ಸಲ ಒಂದೊಂದು ಹೇಳುತ್ತವೆ.

ಆಮೇಲೆ ಟ್ರ್ಯಾಕ್ಷನ್ ಕಂಟ್ರೋಲ್ ಬಟನ್ ಆಫ್ ಮಾಡಿ. ಚಕ್ರ ಜಾರಿತೆಂದು ಅದು ಇಂಜಿನ್ನಿನ ಶಕ್ತಿಯನ್ನೇ ಕಡಿತ ಮಾಡುತ್ತದೆ, ಮರಳಲ್ಲಿ ಬೇಕಾಗುವುದು ಅದೇ ಶಕ್ತಿ. ಒಂದೇ ಹದದಲ್ಲಿ ಸಾಗಿ. ನಿಲ್ಲಿಸಬೇಕಾದರೆ ಬ್ರೇಕ್ ಒತ್ತದೆ ತಾನಾಗಿ ನಿಲ್ಲಲು ಬಿಡಿ, ಅದೂ ಮೂಗು ಇಳಿಜಾರಿನ ಕಡೆಗಿರುವಾಗ. ದಿಬ್ಬವನ್ನು ನೇರ ಹತ್ತಿ, ನೇರ ಇಳಿಯಿರಿ. ಓರೆಯಾಗಿ ಹೋದರೆ ಗಾಡಿ ಮಗುಚುತ್ತದೆ.

ಹೂತಿತೆಂದು ಅನಿಸಿದ ಕ್ಷಣವೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಚಕ್ರ ಒಂದೊಂದು ಸುತ್ತು ತಿರುಗಿದಂತೆಯೂ ಗುಂಡಿ ಆಳವಾಗುತ್ತದೆ. ಆ ಬೆಂಗಳೂರಿನವರ ಬಳಿ ಹಳೆಯ ಪಿಕಪ್ ಒಂದು ಬಂದು ನಿಂತಿತು. ಓಡಿಸುತ್ತಿದ್ದವಳು ಮುಖಕ್ಕೆ ಬುರ್ಖಾ ಎಂಬ ಗಟ್ಟಿ ಮುಖವಾಡ ಕಟ್ಟಿದ್ದ ಬದೂ, ಎಂದರೆ ಮರಳುಗಾಡಿನ ಬುಡಕಟ್ಟಿನ, ಅಜ್ಜಿ. ಯಾರೊಂದಿಗೂ ಮಾತಿಲ್ಲ. ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು, ವಾಲ್ವ್ ಮುಚ್ಚಳ ಬಿಚ್ಚಿ ಬಾಯಲ್ಲಿಟ್ಟುಕೊಂಡು, ಗಾಡಿಯ ಕೀಲಿಯ ತುದಿಯಿಂದ ಪಿನ್ನು ಒತ್ತಿದಳು. ಸುಯ್ಯೆಂದು ಗಾಳಿ ಹೋಗುತ್ತಿದ್ದರೆ ಇನ್ನೊಂದು ಕೈಯಲ್ಲಿ ಚಕ್ರದ ಮುಂದಿನ ಮರಳು ಬಾಚುತ್ತಿದ್ದಳು. ನಾಲ್ಕೂ ಚಕ್ರಕ್ಕೆ ಹಾಗೆಯೇ. ಕೊನೆಗೆ ಕೈಸನ್ನೆಯಲ್ಲಿ ರಿವರ್ಸ್ ಎಂದಳು. ಬಂದ ಜಾಡಿನಲ್ಲೇ ಕಾರು ಹಿಂದಕ್ಕೆ ಹೊರಬಂತು. ಅಲ್ಲಿ ಮರಳು ಆಗಲೇ ಅದುಮಿ ಗಟ್ಟಿಯಾಗಿರುತ್ತದೆ, ಮುಂದಕ್ಕೆ ಹೋಗುವ ಹಟ ಬೇಡ.

ಅಡ್ಡದಾರಿಯೂ ಇದೆ. ನೀವು ಕಾಯ್ದಿರಿಸಿದ ಕ್ಯಾಂಪಿನವರನ್ನು ಬಿದಿಯಾ ಪೆಟ್ರೋಲ್ ಬಂಕಿಗೆ ಕರೆಸಿಕೊಂಡು ಅವರ ಗಾಡಿಯಲ್ಲೇ ಹೋಗಿ. ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಇದೇ, ನಾಚಿಕೆ ಬೇಡ. ಕ್ಯಾಂಪಿನಲ್ಲಿ ಏಲಕ್ಕಿ ಹಾಕಿದ ಕಾಫಿ ‘ಕಹ್ವಾ’, ಖರ್ಜೂರ ಕೊಡುತ್ತಾರೆ. ಸಾಕಾದಾಗ ಬಟ್ಟಲನ್ನು ತುಸು ಅಲ್ಲಾಡಿಸಿ ಕೊಡಿ, ಇಲ್ಲವಾದರೆ ತುಂಬುತ್ತಲೇ ಇರುತ್ತಾರೆ.

ಮರಳಿಂದ ಹೊರಬಂದ ಕೂಡಲೇ ಊರಿನ ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬಿಸಿ. ಮೆತ್ತನೆ ಟೈರಿನಲ್ಲಿ 120ರ ವೇಗ ಹೋದರೆ ಅದು ಕಾದು ಸಿಡಿಯುತ್ತದೆ. ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಪುಟಾಣಿ ಪ್ಲಾಸ್ಟಿಕ್ ಪಂಪು ಕೊಳ್ಳಬೇಡಿ. ನನ್ನದು ಎರಡನೇ ಟೈರಿಗೇ ಸುಟ್ಟ ವಾಸನೆ ಬಂದು ಸತ್ತಿತು.

ಹಂತ 7: ವಾದಿ. ಎಂದರೆ ಕಣಿವೆಯ ಹಳ್ಳ. ವಾದಿ ಶಾಬ್‌ನಲ್ಲಿ ದೋಣಿಯಲ್ಲಿ ದಾಟಿ ಮುಕ್ಕಾಲು ಗಂಟೆ ನಡೆದು ಈಜಬೇಕು. ಈಜು ಬಾರದವರು, ವಯಸ್ಸಾದವರು ವಾದಿ ಬನೀ ಖಾಲಿದ್‌ಗೆ ಹೋಗಿ. ಬೆಟ್ಟದ ಮೇಲೆ ಮೋಡ ಕಂಡರೆ ಎರಡೂ ಬೇಡ. ನೀವಿದ್ದಲ್ಲಿ ಬಿಸಿಲಿದ್ದರೂ ಮೇಲೆ ಸುರಿದ ಮಳೆ ಒಮ್ಮೆಲೇ ನುಗ್ಗಿ ಬರುತ್ತದೆ. ಹರಿಯುತ್ತಿರುವ ವಾದಿಗೆ ಗಾಡಿ ಇಳಿಸುವುದು ಅಲ್ಲಿ ಶಿಕ್ಷಾರ್ಹ ಅಪರಾಧ.

ಹಂತ 8: ಮಸ್ಕತ್. ಸುಲ್ತಾನ್ ಖಾಬೂಸ್ ಮಹಾಮಸೀದಿಗೆ ಅನ್ಯಧರ್ಮೀಯರ ಪ್ರವೇಶ ಬೆಳಿಗ್ಗೆ 8ರಿಂದ 11, ಶುಕ್ರವಾರ ಇಲ್ಲ. ಹೆಂಗಸರು ತಲೆಗೆ ದುಪಟ್ಟಾ, ಮಣಿಕಟ್ಟಿನವರೆಗೆ ತೋಳು. ತಯಾರಾಗಲು 4 ವರ್ಷ ಹಿಡಿದ, ಇರಾನಿನವರು ಕೈಯಲ್ಲಿ ನೇಯ್ದ 21 ಟನ್ ತೂಕದ ಒಂದೇ ರತ್ನಗಂಬಳಿ ಒಳಗಿದೆ. ವಾಪಸು ವಿಮಾನ ಶುಕ್ರವಾರವಿದ್ದರೆ ಇದನ್ನು ಕೊನೆಗೆ ಇಟ್ಟುಕೊಳ್ಳಬೇಡಿ, ಇಳಿದ ಮರುದಿನವೇ ಮುಗಿಸಿ.